ಪರೀಕ್ಷಾ ಟಿಪ್ಪಣಿ: ಸೂರಗೊಂಡನಕೊಪ್ಪ ಮತ್ತು ಲಂಬಾಣಿ ಅಸ್ಮಿತೆ

ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ. ಬಂಜಾರರಿಗೆ, ಅಂದರೆ ಲಂಬಾಣಿಗರಿಗೆ, ಅದು ಭಾಯಾಗಡ. ಜಯಂತಿ ಫೆಬ್ರುವರಿ 15, ಜನನ 1739. ಜಿಲ್ಲೆ ದಾವಣಗೆರೆ (ರಚನೆ 1997). ತಾಲ್ಲೂಕು ನ್ಯಾಮತಿ, ಹಳೆಯ ಪುಸ್ತಕಗಳಲ್ಲಿ ಹೊನ್ನಾಳಿ ಎಂದಿರುತ್ತದೆ, ಎಚ್ಚರ.

ಇದು ಒಂದು ಅಂಕದ ಮಾತಾಯಿತು. ವಿವರಣಾತ್ಮಕ ಪ್ರಶ್ನೆಗೆ ಹಿನ್ನೆಲೆ ಬೇಕು. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ನಾಡು ಸುತ್ತುತ್ತಿದ್ದ ಲಂಬಾಣಿಗರ ಕಸುಬನ್ನು ರೈಲು ಕಸಿದುಕೊಂಡಿತು. 1871ರ ಅಪರಾಧಿ ಬುಡಕಟ್ಟು ಕಾಯ್ದೆಯಡಿ ಅವರ ಕೆಲವು ಗುಂಪುಗಳಿಗೆ ಹುಟ್ಟಿನಿಂದಲೇ ಕಳ್ಳರೆಂಬ ಹಣೆಪಟ್ಟಿ ಬಿತ್ತು. 1952ರಲ್ಲಿ ಕಾಯ್ದೆ ರದ್ದಾಯಿತು; ಕೀಳರಿಮೆ ಅಷ್ಟು ಬೇಗ ಬಿಡಲಿಲ್ಲ. ಅದರ ನೆರಳು ಉಡುಪಿನ ಮೇಲೂ ಬಿತ್ತು: ಚನ್ನಗಿರಿ, ಜಗಳೂರು ಕಡೆಯ ತಾಂಡಾಗಳಲ್ಲೂ ಕನ್ನಡಿ ಚೂರು, ಕವಡೆ ಹೊಲಿದ ಫೇಟಿಯಾ (ಹೆಂಗಸರ ಲಂಗ) ಈಗ ಹೆಚ್ಚಾಗಿ ಹಿರಿಯರ ಮೈಮೇಲೆ, ಹಬ್ಬದ ದಿನ ಕಾಣುತ್ತದೆ.

ಉಡುಪಿನ ವಿಷಯದಲ್ಲಿ ಹೋಲಿಕೆಗೆ ಸ್ಕಾಟ್ಲೆಂಡ್ ಬರೆಯಬಹುದು. ಅಲ್ಲಿನ ಹೈಲ್ಯಾಂಡ್ ಉಡುಪನ್ನು 1746ರ ಕಾಯ್ದೆ ನಿಷೇಧಿಸಿತು, 1782ರಲ್ಲಿ ನಿಷೇಧ ತೆರವಾಯಿತು. ಇಂದು ಅದೇ ಆ ನಾಡಿನ ಗುರುತು. ನಮ್ಮಲ್ಲಿ ಫೇಟಿಯಾಕ್ಕೆ ನಿಷೇಧವೇ ಬೇಕಾಗಲಿಲ್ಲ, ಪೇಟೆಯವರ ನೋಟವೇ ಸಾಕಾಯಿತು. ಇದು ನೋವಿನ ಸಂಗತಿ.

ಹಾಗಿದ್ದರೂ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ. ಇನ್ನು ಲಂಬಾಣಿಗರ ಗೋರ್ ಬೋಲಿ ಭಾಷೆಗೆ ಸ್ವಂತ ಲಿಪಿಯಿಲ್ಲ; ಸಂವಿಧಾನದ 8ನೇ ಅನುಸೂಚಿಯ 22 ಭಾಷೆಗಳಲ್ಲಿ ಅದು ಸೇರಿಲ್ಲ.