ಅಲುಗದ ಆಂಟೆನಾ ಕಟ್ಟುವವಳಿಗೆ

ಸುಮಾ,

ಫೇಸ್ಡ್ ಅರೇ ತಂಡ ಸೇರಿದ ವಾರವೇ ಸಿಮ್ಯುಲೇಷನ್‌ಗೆ ಕೂತಿದ್ದೀಯಂತೆ, ನಿನ್ನ ಅಪ್ಪ ಹೇಳಿದ. ಸ್ವಲ್ಪ ತಾಳು. ಮೊದಲು ನಿಮ್ಮ ಆಂಟೆನಾ ಹೊರುವ ನೌಕೆಯನ್ನು ಅರಿತುಕೋ. ಅದು ಯಾವ ಕಡೆ ಮುಖ ಮಾಡಿರಲೇಬೇಕು? ಅದರಲ್ಲಿ ಏನು ಅಲುಗಬಾರದು? ಆಗ ಭೂಮಿ ಯಾವ ಕೋನದಲ್ಲಿರುತ್ತದೆ? ಇಷ್ಟು ತಿಳಿಯದೆ ಆಂಟೆನಾದ ಎಲಿಮೆಂಟುಗಳ ಲೆಕ್ಕಕ್ಕೆ ಇಳಿಯಬೇಡ. ನಿನ್ನ ಓರಗೆಯವರೂ ಓದಲಿ ಎಂದೇ ಇದನ್ನು ಪತ್ರಿಕೆಗೆ ಬರೆಯುತ್ತಿದ್ದೇನೆ.

2004ರಲ್ಲಿ ಬುಧಗ್ರಹಕ್ಕೆ ಹೊರಟ ನಾಸಾದ ಮೆಸೆಂಜರ್ ನೌಕೆಯನ್ನೇ ನೋಡು. ದೂರದ ಅಂತರಿಕ್ಷದಿಂದ ಮಾತಾಡಲು ಎಲೆಕ್ಟ್ರಾನಿಕ್ ಆಗಿ ದಿಕ್ಕು ಬದಲಿಸುವ ಆಂಟೆನಾ, ಅಂದರೆ ಫೇಸ್ಡ್ ಅರೇ, ಬಳಸಿದ ಮೊದಲ ನೌಕೆ ಅದು. ಬುಧನ ಬಳಿ ಬಿಸಿಲು ಇಲ್ಲಿಯದರ ಹನ್ನೊಂದು ಪಟ್ಟಿನವರೆಗೂ ಏರುತ್ತದೆ. ಹಾಗಾಗಿ ನೌಕೆಯ ಬಿಸಿಲುಮರೆ ಸದಾ ಸೂರ್ಯನಿಗೆ ಎದುರಾಗಿರಬೇಕಿತ್ತು. ಡಿಶ್ಶನ್ನು ಭೂಮಿಯತ್ತ ಹಿಡಿಯಲು ನೌಕೆಯನ್ನು ಓರೆ ಮಾಡುವಂತಿರಲಿಲ್ಲ. ಆದರೆ ಸೂರ್ಯನತ್ತ ನೆಟ್ಟ ಅಕ್ಷದ ಸುತ್ತ ಅದು ಎಷ್ಟು ಬೇಕಾದರೂ ಹೊರಳಬಹುದಿತ್ತು, ಮರೆ ಕದಲುತ್ತಿರಲಿಲ್ಲ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅನ್ವಯಿಕ ಭೌತವಿಜ್ಞಾನ ಪ್ರಯೋಗಾಲಯದವರು ಹಿಡಿದದ್ದು ಈ ಎಳೆಯನ್ನೇ. ಒಂದು ದಿಕ್ಕಿನ ತಿರುವನ್ನು ನೌಕೆಯ ಹೊರಳಾಟಕ್ಕೆ ಬಿಟ್ಟರು, ಇನ್ನೊಂದನ್ನು ಮಾತ್ರ ಎಲಿಮೆಂಟುಗಳಿಗೆ ಹೋಗುವ ಸಂಕೇತದ ಫೇಸ್ ಬದಲಿಸಿ ಸಾಧಿಸಿದರು. ಸೀಳು ಕೊರೆದ ಎಂಟು ವೇವ್‌ಗೈಡ್‌ಗಳ ಒಂದು ಸಾಲು ಮುಂದೆ, ಅಂಥದೇ ಇನ್ನೊಂದು ಹಿಂದೆ. ಒಂದೊಂದರ ಕಿರಣವೂ ಇತ್ತ 45, ಅತ್ತ 45 ಡಿಗ್ರಿ ವಾಲುತ್ತಿತ್ತು. ಅಷ್ಟರಲ್ಲೇ ಇಡೀ ಆಕಾಶ ಕೈಗೆ ಸಿಕ್ಕಿತು! ಬಿಸಿಲು ತಾಳುವ ಲೋಹವಷ್ಟೇ ಹೊರಗೆ. ಆಂಪ್ಲಿಫೈಯರುಗಳು ಒಳಗೆ, ನೆರಳಿನಲ್ಲಿ. ಇದಕ್ಕಿಂತ ಸೊಗಸಾದ ಆಂಟೆನಾ ವಿನ್ಯಾಸವನ್ನು ನಾನು ಕಂಡಿಲ್ಲ.

ಯುರೋಪಿನ ಗಾಯಾ ನೌಕೆಯ ಕಾರಣ ಬೇರೆ. ನಕ್ಷತ್ರಗಳ ಸ್ಥಾನ ಅಳೆಯುತ್ತಿದ್ದ ಅದಕ್ಕೆ ಆಂಟೆನಾದ ಮೋಟಾರಿನ ಸಣ್ಣ ನಡುಕವೂ ಸಲ್ಲುತ್ತಿರಲಿಲ್ಲ. ಅದಕ್ಕಾಗಿಯೇ ಅಲ್ಲೂ ಫೇಸ್ಡ್ ಅರೇ.

ಈಗ ನಿನ್ನ ಲೆಕ್ಕಕ್ಕೆ ಬರೋಣ. 8.4 ಗಿಗಾಹರ್ಟ್ಸ್‌ನಲ್ಲಿ ತರಂಗದ ಉದ್ದ ಸುಮಾರು 3.6 ಸೆಂಟಿಮೀಟರ್. 45 ಡಿಗ್ರಿ ವಾಲಿಸಬೇಕಾದರೆ ಎಲಿಮೆಂಟುಗಳ ನಡುವಿನ ಅಂತರ 2.1 ಸೆಂಟಿಮೀಟರ್ ದಾಟಬಾರದು, ದಾಟಿದರೆ ಬೇಡದ ದಿಕ್ಕಿನಲ್ಲಿ ಇನ್ನೊಂದು ಕಿರಣ ಎದ್ದು ಶಕ್ತಿಯನ್ನು ಕದಿಯುತ್ತದೆ. 60 ಡಿಗ್ರಿ ಕೇಳಿದರೆ ಅಂತರ 1.9ಕ್ಕೆ ಇಳಿಯುತ್ತದೆ, ಎಲಿಮೆಂಟುಗಳು ಹೆಚ್ಚುತ್ತವೆ, ಅವುಗಳ ಜೊತೆಗೇ ವಿದ್ಯುತ್ತಿನ ಖರ್ಚು, ಶಾಖ, ತೂಕ. ವಾಲಿದಷ್ಟೂ ಗೇನ್, ಅಂದರೆ ಕಿರಣದ ಬಲ, ಕೂಡ ಕುಸಿಯುತ್ತದೆ.

ಆದ್ದರಿಂದ ಮುಂದಿನ ಪರಿಶೀಲನಾ ಸಭೆಗೆ ಮೊದಲು ಕಕ್ಷೆಯ ಲೆಕ್ಕದವರ ಬಳಿ, ಶಾಖ ನಿಯಂತ್ರಣದವರ ಬಳಿ ಹೋಗಿ ಕೂತುಕೋ. ಅವರು ಕೇಳುವ ಒಂದೊಂದು ಡಿಗ್ರಿಗೂ ಕಾರಣ ಕೇಳು. ಉತ್ತರಗಳನ್ನು ಬರೆದಿಟ್ಟುಕೊಂಡು ನನಗೊಂದು ಪ್ರತಿ ಕಳಿಸು.

ನಿನ್ನ ದೊಡ್ಡಪ್ಪ