ಗಾಳಿಗೆ ಮರೆಯಾದ ಉದ್ಯಾನ

ಅಮೆರಿಕದ ಶಿಕಾಗೋ ನಗರದಲ್ಲಿ ಮಿಚಿಗನ್ ಸರೋವರದೊಳಕ್ಕೆ ಸುಮಾರು ಒಂದು ಕಿಲೋಮೀಟರಿನಷ್ಟು ಚಾಚಿಕೊಂಡಿರುವ ಕಟ್ಟೆಗೆ ನೇವಿ ಪಿಯರ್ ಎಂದು ಹೆಸರು. 1916ರಲ್ಲಿ ಹಡಗುಗಳಿಗೂ ವಿಹಾರಕ್ಕೂ ತೆರೆದ ಈ ಕಟ್ಟೆ 1995ರಲ್ಲಿ ಜೈಂಟ್ ವೀಲ್ ಸಹಿತ ವಿನೋದಸ್ಥಳವಾಯಿತು. ಅದೂ ಹಳತಾಗಲು, ನೂರನೆಯ ವರ್ಷದ ಸುಮಾರಿಗೆ, ಇದನ್ನು ವರ್ಷವಿಡೀ ಜನ ಬರುವ ಉದ್ಯಾನವನ್ನಾಗಿಸುವ ಕೆಲಸ ನಡೆಯಿತು.

ಬೇಸಗೆಯಲ್ಲಿ ಜನರನ್ನು ಕರೆಯಬೇಕಾಗಿಲ್ಲ. ಚಳಿಗಾಲದಲ್ಲಿ ಅವರನ್ನು ತಡೆಯುವುದು ಯಾವುದು? ಚಳಿ ಎಂದು ನಾವು ಥಟ್ಟನೆ ಹೇಳುತ್ತೇವೆ. ಅದು ಅರ್ಧ ಉತ್ತರ ಮಾತ್ರ. ನಮ್ಮ ಮೈಗೆ ಅಂಟಿಕೊಂಡು ಬೆಚ್ಚನೆಯ ಗಾಳಿಯ ತೆಳುಪದರವೊಂದಿರುತ್ತದೆ. ಗಾಳಿ ಒಳ್ಳೆಯ ಶಾಖವಾಹಕವಲ್ಲವಾದ್ದರಿಂದ ಆ ಪದರ ಹೊದಿಕೆಯಂತೆ ನಮ್ಮನ್ನು ಕಾಯುತ್ತದೆ. ಬೀಸುಗಾಳಿ ಅದನ್ನು ಕಿತ್ತೊಯ್ಯುತ್ತದೆ. ಉಷ್ಣತೆ −10 ಡಿಗ್ರಿ ಸೆಂಟಿಗ್ರೇಡ್ ಇದ್ದು, ಗಾಳಿಯ ವೇಗ ಗಂಟೆಗೆ 30 ಕಿಲೋಮೀಟರ್ ಆದರೆ ಬರಿಮೊಗಕ್ಕೆ −20 ಡಿಗ್ರಿಯ ಚಳಿಯೇ ತಗಲಿದಂತಾಗುವುದು. (ಉಷ್ಣತಾಮಾಪಕ ಮಾತ್ರ −10ನ್ನೇ ತೋರಿಸುತ್ತಿರುತ್ತದೆ; ಅದಕ್ಕೆ ಮೈಶಾಖವಿಲ್ಲವಷ್ಟೆ!) ಸರೋವರದ ಮೇಲಾದರೋ ಗಾಳಿಗೆ ಅಡ್ಡಬರುವ ಮನೆಮರಗಳೇ ಇಲ್ಲ.

2016ರಲ್ಲಿ ಅಲ್ಲಿ ತೆರೆದ ಹೊಸ ಜೈಂಟ್ ವೀಲಿನ ತೊಟ್ಟಿಲುಗಳು ಮುಚ್ಚಿದವು. ಒಳಗೆ ಶಾಖದ ಏರ್ಪಾಡೂ ಇದೆ. ಆದರೆ ಟಿಕೆಟ್ಟು ಕೊಂಡವರು ಬೆಚ್ಚಗಿದ್ದ ಮಾತ್ರಕ್ಕೆ ಉದ್ಯಾನ ಸಾರ್ವಜನಿಕವಾಗದೆಂದು ನಮ್ಮ ಅಭಿಪ್ರಾಯ. ಸುಮ್ಮನೆ ನಡೆದಾಡಲು ಬಂದವರಿಗೂ ಮರೆ ಬೇಕು. ಗಟ್ಟಿಗೋಡೆ ಕಟ್ಟಿದರಾಗದೆ? ಗಾಳಿ ಅದರ ಮೇಲೇರಿ, ಹಿಂಬದಿಯಲ್ಲಿ ಸುಳಿಯಾಗಿ ಇಳಿಯುತ್ತದೆ. ಸರೋವರದ ನೋಟವೂ ಹೋಗುತ್ತದೆ. ಅರ್ಧದಷ್ಟು ಕಿಂಡಿಗಳುಳ್ಳ ತಡೆಯಾದರೆ ಗಾಳಿಯ ಒಂದು ಪಾಲನ್ನು ನಿಧಾನವಾಗಿ ಒಳಬಿಟ್ಟು ಆ ಸುಳಿಯನ್ನು ಕುಗ್ಗಿಸುತ್ತದೆ. ತನ್ನ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೂ ಅದು ಮರೆಯಾದೀತು. ಚಳಿಗಾಲದಲ್ಲಿ ಎಲೆಯುದುರಿಸದ ಮರಗಳ ಸಾಲು ಅಂಥ ತಡೆಗಳಲ್ಲೊಂದು.