ಬಿದಿರು ಯಾರದು? ಒಂದು ಪಾಠವನ್ನು ಮತ್ತೆ ಕಟ್ಟಿದ ಬಗೆ

ಕಳೆದ ವರ್ಷದ ಅಭ್ಯಾಸ ಬೋಧನೆಯ ಎರಡನೆಯ ವಾರ. ಒಂಬತ್ತನೆಯ ತರಗತಿಯ ಸಮಾಜ ವಿಜ್ಞಾನದ ಪಾಠವನ್ನು ವೀಕ್ಷಿಸಲು ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ವಿಷಯ, ಅರಣ್ಯ ಸಂಪನ್ಮೂಲ ಮತ್ತು ಗ್ರಾಮೀಣ ಜೀವನೋಪಾಯ. ಪ್ರಶಿಕ್ಷಣಾರ್ಥಿ ಚೆನ್ನಾಗಿ ಸಿದ್ಧತೆ ಮಾಡಿಕೊಂಡು ಬಂದಿದ್ದರು. ಮೊರ, ಬುಟ್ಟಿ, ಒಂದು ಕೊಳಲು, ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಯ ಚಿತ್ರ ಎಲ್ಲವೂ ಮೇಜಿನ ಮೇಲಿದ್ದವು. ಕಪ್ಪುಹಲಗೆಯ ಮೇಲೆ ಬಿದಿರಿನ ಉಪಯೋಗಗಳ ಉದ್ದನೆಯ ಪಟ್ಟಿ ಬೆಳೆಯಿತು. ಅದರ ಕೊನೆಯ ಸಾಲು, ‘ಬಿದಿರು ಮತ್ತು ಬೆತ್ತದ ಕಸುಬು ಗ್ರಾಮೀಣ ಬಡತನವನ್ನು ನಿವಾರಿಸುತ್ತದೆ’ ಎಂದಿತ್ತು.

ಮೂರನೆಯ ಸಾಲಿನ ಹುಡುಗನೊಬ್ಬ ಎದ್ದು ನಿಂತ. “ನಮ್ಮನೇಲಿ ತಾತನ ಕಾಲದಿಂದ ಬುಟ್ಟಿ ಹೆಣೀತಾರೆ ಟೀಚರ್. ನಮ್ಮ ಬಡತನ ಯಾಕೆ ಹೋಗಿಲ್ಲ?” ಎಂದು ಕೇಳಿದ. ತರಗತಿ ನಕ್ಕಿತು. ಅವನು ನಗಲಿಲ್ಲ. ಪ್ರಶಿಕ್ಷಣಾರ್ಥಿ ಸ್ವಲ್ಪ ತಡವರಿಸಿ, “ಒಳ್ಳೆಯ ಪ್ರಶ್ನೆ, ಮುಂದಿನ ತರಗತಿಯಲ್ಲಿ ನೋಡೋಣ” ಎಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು.

ನನ್ನ ವೀಕ್ಷಣಾ ನಮೂನೆಯಲ್ಲಿ ಪೀಠಿಕೆ, ಬೋಧನೋಪಕರಣ, ಕಪ್ಪುಹಲಗೆಯ ಬಳಕೆ, ಧ್ವನಿ ಎಲ್ಲಕ್ಕೂ ಒಳ್ಳೆಯ ಅಂಕಗಳಿದ್ದವು. ಆದರೆ ಆ ಹುಡುಗನ ಪ್ರಶ್ನೆಗೆ ಉತ್ತರ ನನ್ನಲ್ಲಿಯೂ ಸಿದ್ಧವಾಗಿರಲಿಲ್ಲ. ಸಂಜೆಯ ವಿಮರ್ಶಾ ಸಭೆಯಲ್ಲಿ ಅದನ್ನು ಒಪ್ಪಿಕೊಂಡು, ಇಬ್ಬರೂ ಸೇರಿ ಪಾಠವನ್ನು ಎರಡು ಅವಧಿಗಳಿಗೆ ಮತ್ತೆ ಕಟ್ಟಿದೆವು. ಇತರ ಪ್ರಶಿಕ್ಷಣಾರ್ಥಿಗಳಿಗೂ ಉಪಯೋಗವಾಗಲೆಂದು ಅದನ್ನು ಇಲ್ಲಿ ಕೊಟ್ಟಿದೆ.

ಬೋಧಕರಿಗೆ ವಿಷಯದ ಹಿನ್ನೆಲೆ

ಬಿದಿರು ಮರವಲ್ಲ, ಹುಲ್ಲು. ಭತ್ತ, ರಾಗಿ, ಕಬ್ಬುಗಳ ಕುಟುಂಬಕ್ಕೇ ಸೇರಿದ್ದು. ಜಗತ್ತಿನಲ್ಲಿ ಇದರ 1,600ಕ್ಕೂ ಹೆಚ್ಚು ಪ್ರಭೇದಗಳಿವೆ. ನೆಲದಿಂದ ಎದ್ದ ಕಳಲೆ ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರಕ್ಕೆ ಏರುತ್ತದೆ. ಆಮೇಲೆ ಗಳು ದಪ್ಪವಾಗುವುದಿಲ್ಲ, ಬಲಿಯುತ್ತದೆ ಅಷ್ಟೆ. ಮೂರು ನಾಲ್ಕು ವರ್ಷಕ್ಕೆ ಕಡಿಯಲು ಬರುತ್ತದೆ. ಬಲಿತ ಗಳುಗಳನ್ನಷ್ಟೇ ತೆಗೆದು ಎಳೆಯವನ್ನು ಬಿಟ್ಟರೆ ಮೆಳೆ ಸಾಯದೆ ಪ್ರತಿ ಮಳೆಗಾಲ ಹೊಸ ಕಳಲೆ ಕೊಡುತ್ತದೆ. ತೇಗ ನೆಟ್ಟವರು ಮೊಮ್ಮಕ್ಕಳಿಗಾಗಿ ನೆಡುತ್ತಾರೆ. ಬಿದಿರು ನೆಟ್ಟವರು ತಾವೇ ಕಡಿಯಬಹುದು.

ಬೆತ್ತ ಎಂದರೆ ನಮ್ಮ ಮಕ್ಕಳಿಗೆ ಮೊದಲು ನೆನಪಾಗುವುದು ಮೇಷ್ಟರ ಕೈಯ ಬೆತ್ತ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದ ಮೇಲೂ ಆ ನೆನಪು ಹೋಗಿಲ್ಲ. ಈ ಪಾಠ ಬೆತ್ತದ ಬೇರೆ ಗುರುತನ್ನು ಕೊಡಬೇಕು. ಅದು ತಾಳೆಯ ಕುಟುಂಬದ ಮುಳ್ಳುಬಳ್ಳಿ. ಸುಮಾರು 600 ಪ್ರಭೇದಗಳಿದ್ದು, ಹೆಚ್ಚಿನವು ಕಾಡಿನ ಮರಗಳನ್ನು ಹಿಡಿದು ಮೇಲೇರುತ್ತವೆ. ಆದ್ದರಿಂದ ಬೆತ್ತ ಬೇಕೆನ್ನುವವರಿಗೆ ಮರವೂ ಬೇಕು. ಜಗತ್ತಿಗೆ ಅತಿ ಹೆಚ್ಚು ಬೆತ್ತ ಒದಗಿಸುವ ದೇಶ ಇಂಡೋನೇಷ್ಯಾ.

ಇವೆರಡೂ ಬಡವರಿಗೆ ಒಗ್ಗುವ ಬೆಳೆಗಳು ಎನ್ನಲು ಕಾರಣಗಳಿವೆ. ಹಿತ್ತಿಲು, ಬದು, ಹಳ್ಳದ ದಂಡೆಯಂಥ ಸ್ವಲ್ಪ ಜಾಗದಲ್ಲೂ ಬಿದಿರು ಬೆಳೆಯುತ್ತದೆ. ಕೆಲಸ ಆರಂಭಿಸಲು ಒಂದು ಕತ್ತಿ ಸಾಕು. ಮನೆಯಲ್ಲೇ ಕುಳಿತು, ಬೇಸಾಯದ ಬಿಡುವಿನಲ್ಲಿ ಮಾಡಬಹುದು. ಈ ಸಾಧ್ಯತೆಯನ್ನು ಅಭಿವೃದ್ಧಿಶೀಲ ದೇಶಗಳಿಗೆ ತಲುಪಿಸಲೆಂದೇ 1997ರಲ್ಲಿ ಅಂತರರಾಷ್ಟ್ರೀಯ ಬಿದಿರು ಮತ್ತು ಬೆತ್ತ ಸಂಸ್ಥೆ ಹುಟ್ಟಿತು. ಅದರ ಕೇಂದ್ರ ಕಚೇರಿ ಬೀಜಿಂಗ್‌ನಲ್ಲಿದೆ.

ಪಠ್ಯಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಹುಡುಗನ ಪ್ರಶ್ನೆ ಆರಂಭವಾಗುವುದೇ ಇಲ್ಲಿಂದ. ಗಿಡಕ್ಕೆ ಬಡತನ ಕಳೆಯುವ ಗುಣವಿಲ್ಲ. ಬಡತನ ಕಳೆಯುತ್ತದೆಯೋ ಇಲ್ಲವೋ ಎಂಬುದು ಮೂರು ಪ್ರಶ್ನೆಗಳ ಉತ್ತರವನ್ನು ಅವಲಂಬಿಸಿದೆ: ಯಾವ ಬೆಲೆಗೆ ಯಾರಿಗೆ ಸಿಗುತ್ತದೆ? ಕಡಿದು ಸಾಗಿಸುವ ಹಕ್ಕು ಯಾರದು? ಕೊಳ್ಳುವವರು ಎಷ್ಟು ಮಂದಿ? ಒಂದೊಂದಕ್ಕೂ ಒಂದೊಂದು ನಿಜವಾದ ಪ್ರಸಂಗವನ್ನು, ಹತ್ತಿರದಿಂದ ದೂರಕ್ಕೆ ಎಂಬ ನಿಯಮದಂತೆ ಆಯ್ದುಕೊಂಡೆವು.

ಪ್ರಸಂಗ 1: ಒಂದೂವರೆ ರೂಪಾಯಿಯ ಬಿದಿರು (ಕರ್ನಾಟಕ)

1970ರ ದಶಕದಲ್ಲಿ ಕಾಡಿನಲ್ಲಿ ಬಿದಿರು ಬರಿದಾಗುತ್ತಿದೆ ಎಂದು ಕರ್ನಾಟಕದ ಬುಟ್ಟಿ ಹೆಣೆಯುವವರು ದೂರಿದರು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಇದನ್ನು ಅಧ್ಯಯನ ಮಾಡಿದರು. ಕಾಗದ ಕಾರ್ಖಾನೆಗೆ ಸರ್ಕಾರ ಟನ್ನಿಗೆ 1.50 ರೂಪಾಯಿಯಂತೆ ಬಿದಿರು ಕೊಟ್ಟಿತ್ತು. ಅದೇ ಬಿದಿರಿಗೆ ಬುಟ್ಟಿಯವರು ಮಾರುಕಟ್ಟೆಯಲ್ಲಿ ನೂರಾರು ಪಟ್ಟು ಬೆಲೆ ತೆರುತ್ತಿದ್ದರು. ಇಷ್ಟು ಅಗ್ಗವಾಗಿ ಸಿಕ್ಕ ವಸ್ತುವನ್ನು ಉಳಿಸಿಕೊಳ್ಳಬೇಕೆಂಬ ಒತ್ತಡ ಕಾರ್ಖಾನೆಗೆ ಇರಲಿಲ್ಲ.

ಈ ಅಧ್ಯಯನದ ಇನ್ನೊಂದು ಅಂಶ ವಿಜ್ಞಾನ ಬೋಧಕರಿಗೂ ಉಪಯುಕ್ತ. ಮೆಳೆಯ ಬುಡದ ಮುಳ್ಳು ತೆಗೆದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂದು ಅಧಿಕಾರಿಗಳು ನಂಬಿದ್ದರು. ಹಳ್ಳಿಯವರು ಬೇರೆ ಮಾತು ಹೇಳಿದರು: ಮುಳ್ಳು ಹೋದರೆ ಕಳಲೆಯನ್ನು ದನಕರು, ಕಾಡುಪ್ರಾಣಿಗಳು ತಿಂದುಬಿಡುತ್ತವೆ. ಕಾಡಿನಲ್ಲಿ ಪರಿಶೀಲಿಸಿದಾಗ ಹಳ್ಳಿಯವರ ಮಾತೇ ನಿಜವಾಯಿತು.

ಪ್ರಸಂಗ 2: ಹುಲ್ಲೋ ಮರವೋ? (ಮಹಾರಾಷ್ಟ್ರ)

1927ರ ಭಾರತೀಯ ಅರಣ್ಯ ಕಾಯ್ದೆ ‘ಮರ’ ಎಂಬ ಪದದ ವ್ಯಾಖ್ಯೆಯಲ್ಲಿ ಬಿದಿರನ್ನೂ ಸೇರಿಸಿತು. ಸಸ್ಯಶಾಸ್ತ್ರಕ್ಕೆ ಹುಲ್ಲಾದದ್ದು ಕಾನೂನಿಗೆ ಮರವಾಯಿತು. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರು, ಬೆತ್ತ ಎರಡನ್ನೂ ಹೆಸರಿಸಿ ಕಿರು ಅರಣ್ಯ ಉತ್ಪನ್ನ ಎಂದು ಕರೆದು, ಅವುಗಳ ಮೇಲೆ ಕಾಡಿನ ಜನರ ಹಕ್ಕನ್ನು ಒಪ್ಪಿತು.

ಗಡಚಿರೋಲಿ ಜಿಲ್ಲೆಯ ಮೇಂಢಾ ಲೇಖಾ ಗೊಂಡ ಜನರ ಚಿಕ್ಕ ಊರು. 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡಿನ ಮೇಲೆ ಅದಕ್ಕೆ ಸಾಮುದಾಯಿಕ ಹಕ್ಕು ದೊರೆಯಿತು. ಆದರೂ ಬಿದಿರು ಮಾರಲು ಸಾಗಣೆ ಪರವಾನಗಿ ಸಿಗಲಿಲ್ಲ. ಕಡಿಯಬಹುದು, ಊರಿನಾಚೆ ಒಯ್ಯುವಂತಿಲ್ಲ. 2011ರ ಏಪ್ರಿಲ್ 27ರಂದು ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಊರಿಗೇ ಬಂದು ಪರವಾನಗಿ ಪುಸ್ತಕವನ್ನು ಗ್ರಾಮಸಭೆಯ ಕೈಗೆ ಕೊಟ್ಟರು. ಅಂದಿನಿಂದ ಬಿದಿರನ್ನು ಯಾರಿಗೆ ಮಾರಬೇಕು ಎಂಬುದನ್ನು ಊರೇ ತೀರ್ಮಾನಿಸುವಂತಾಯಿತು.

ಶಿಕ್ಷಕರಾದ ನಾವು ಗಮನಿಸಬೇಕಾದದ್ದು ಇನ್ನೊಂದಿದೆ. ಆ ಊರಿನಲ್ಲಿ ಅಭ್ಯಾಸ ಗುಂಪುಗಳಿವೆ. ಒಂದು ವಿಷಯವನ್ನು ಮೊದಲು ಕೂತು ಓದಿ, ಬಲ್ಲವರನ್ನು ಕೇಳಿ, ಚರ್ಚಿಸುತ್ತಾರೆ. ಆಮೇಲೆ ಗ್ರಾಮಸಭೆಯಲ್ಲಿ ಬಹುಮತದಿಂದಲ್ಲ, ಎಲ್ಲರ ಒಮ್ಮತದಿಂದ ತೀರ್ಮಾನಿಸುತ್ತಾರೆ. ಹಕ್ಕು ಬರುವ ಎಷ್ಟೋ ವರ್ಷ ಮೊದಲೇ ಈ ಕಲಿಕೆ ಅಲ್ಲಿ ನಡೆದಿತ್ತು.

2017ರ ನವೆಂಬರಿನ ಸುಗ್ರೀವಾಜ್ಞೆ, ಅದರ ಹಿಂದೆ ಬಂದ ತಿದ್ದುಪಡಿ ಕಾಯ್ದೆ ‘ಮರ’ದ ವ್ಯಾಖ್ಯೆಯಿಂದ ಬಿದಿರನ್ನು ಕೈಬಿಟ್ಟವು. ಇದರ ಲಾಭ ಮುಖ್ಯವಾಗಿ ರೈತರ ಹೊಲದಲ್ಲಿ ಬೆಳೆದ ಬಿದಿರಿಗೆ. ಕಾಡಿನೊಳಗಿನ ಬಿದಿರು ಈಗಲೂ ಅರಣ್ಯ ಕಾನೂನುಗಳಿಗೆ ಒಳಪಟ್ಟಿದೆ.

ಪ್ರಸಂಗ 3: ಕೊಳ್ಳುವವರಿಲ್ಲದ ಬೆತ್ತ (ಇಂಡೋನೇಷ್ಯಾ)

ಕಾಲಿಮಂತಾನಿನ ದಯಾಕ್ ರೈತರು ಭತ್ತ ಬೆಳೆದು ಬೀಳು ಬಿಡುವ ಹೊಲದಲ್ಲಿ ಬೆತ್ತ ನೆಡುತ್ತಾರೆ. ಕಾಡು ಮತ್ತೆ ಮೇಲೇಳುವಾಗ ಬೆತ್ತವೂ ಅದರೊಂದಿಗೆ ಏರುತ್ತದೆ. ಹಣ ಬೇಕಾದಾಗ ಕೊಯ್ದು ಮಾರುತ್ತಾರೆ, ಬೇಡವಾದಾಗ ಬಿಡುತ್ತಾರೆ. ನಮ್ಮವರಿಗೆ ಕೊಟ್ಟಿಗೆಯ ಆಡು ಕುರಿ ಹೇಗೋ, ಅವರಿಗೆ ಬೆತ್ತದ ತೋಟ ಹಾಗೆ.

ಕಚ್ಚಾ ಬೆತ್ತ ಹೊರಗೆ ಹೋಗದೆ ದೇಶದಲ್ಲೇ ಪೀಠೋಪಕರಣವಾದರೆ ಹೆಚ್ಚು ಲಾಭ ಎಂದು ಸರ್ಕಾರ ಯೋಚಿಸಿತು. 2012ರ ಜನವರಿ 1ರಿಂದ ಕಚ್ಚಾ ಮತ್ತು ಅರೆಸಿದ್ಧ ಬೆತ್ತದ ರಫ್ತು ನಿಂತಿತು. ಯೋಚನೆ ತಪ್ಪೆಂದು ಹೇಳಲಾಗದು. ಆದರೆ ಪೀಠೋಪಕರಣ ಮಾಡುವವರು ಹೆಚ್ಚಾಗಿ ಜಾವಾದಲ್ಲಿದ್ದರು, ಕೊಯ್ಯುವವರು ಕಾಲಿಮಂತಾನ್, ಸುಲಾವೆಸಿಗಳಲ್ಲಿ. ಕೊಳ್ಳುವವರು ಕಡಿಮೆಯಾದಾಗ ಕೊಯ್ಯುವವರಿಗೆ ಸಿಗುವ ಬೆಲೆ ಕುಸಿಯಿತು. ಬೆತ್ತ ಬಿಟ್ಟು ರಬ್ಬರ್, ಎಣ್ಣೆತಾಳೆಯ ಕಡೆ ತಿರುಗಿದವರಿದ್ದಾರೆ. ಒಂದೇ ಕಸುಬಿನೊಳಗೆ ಒಬ್ಬರ ಲಾಭ ಇನ್ನೊಬ್ಬರ ನಷ್ಟವಾಗಬಹುದು ಎಂಬುದನ್ನು ಈ ಪ್ರಸಂಗ ತೋರಿಸುತ್ತದೆ.

ಪಾಠದ ಹೆಜ್ಜೆಗಳು

ಮೊದಲ ಅವಧಿ (40 ನಿಮಿಷ)
1. ಪೀಠಿಕೆ, 5 ನಿಮಿಷ: ಒಂದು ರಾಗಿ ದಂಟು, ಒಂದು ಬಿದಿರಿನ ತುಂಡು ತೋರಿಸಿ. ಗಿಣ್ಣುಗಳನ್ನು ಮುಟ್ಟಿ ನೋಡಲಿ. ‘ಹುಲ್ಲೋ ಮರವೋ?’ ಎಂದು ಕೇಳಿ. ಉತ್ತರಕ್ಕಿಂತ ಕಾರಣವನ್ನು ಬರೆಸಿ.
2. ಓದು, 10 ನಿಮಿಷ: ಮೂರು ಪ್ರಸಂಗಗಳನ್ನು ಮೂರು ಕಾರ್ಡುಗಳಲ್ಲಿ ಬರೆದು ಗುಂಪುಗಳಿಗೆ ಹಂಚಿ.
3. ಅಭ್ಯಾಸ ಗುಂಪು, 15 ನಿಮಿಷ: ‘ಇಲ್ಲಿ ಲಾಭ ಯಾರಿಗಾಯಿತು? ಏಕೆ?’ ಎಂಬ ಪ್ರಶ್ನೆಗೆ ಪ್ರತಿ ಗುಂಪೂ ಒಮ್ಮತದ ಉತ್ತರಕ್ಕೆ ಬರಬೇಕು. ಕೈ ಎತ್ತಿಸಿ ಎಣಿಸುವಂತಿಲ್ಲ. ಒಬ್ಬರು ಒಪ್ಪದಿದ್ದರೂ ಚರ್ಚೆ ಮುಂದುವರಿಯಲಿ.
4. ವರದಿ, 10 ನಿಮಿಷ: ಗುಂಪಿಗೊಬ್ಬರು ಹೇಳಲಿ. ಮೂರು ಪ್ರಶ್ನೆಗಳನ್ನು ಮಕ್ಕಳ ಮಾತಿನಿಂದಲೇ ಹಲಗೆಗೆ ತನ್ನಿ.

ನಡುವಿನ ಮನೆಗೆಲಸ: ಊರಿನ ಒಂದು ಬುಟ್ಟಿಯ ಜಾಡು ಹಿಡಿಯುವುದು. ಗಳು ಎಲ್ಲಿಂದ ಬಂತು, ಅದಕ್ಕೆ ಎಷ್ಟು ಕೊಟ್ಟರು, ಸೀಳಿ ಹೆಣೆಯಲು ಎಷ್ಟು ಹೊತ್ತು ಬೇಕು, ಯಾರಿಗೆ ಎಷ್ಟಕ್ಕೆ ಮಾರಿದರು, ಸಂತೆಯಲ್ಲಿ ಎಷ್ಟಾಯಿತು, ಅದೇ ಅಳತೆಯ ಪ್ಲಾಸ್ಟಿಕ್ ಬುಟ್ಟಿಯ ಬೆಲೆ ಎಷ್ಟು.

ಎರಡನೆಯ ಅವಧಿ (40 ನಿಮಿಷ)
1. ಸರಪಳಿ ಚಿತ್ರ, 10 ನಿಮಿಷ: ಮಕ್ಕಳು ತಂದ ಅಂಕಿಗಳನ್ನು ಗಳುವಿನಿಂದ ಗಿರಾಕಿಯವರೆಗೆ ಬರೆಯಿರಿ. ಅಂಕಿ ತರಲಾಗದ ಕಡೆ ಖಾಲಿ ಬಿಡಿ; ನೀವಾಗಿ ತುಂಬಬೇಡಿ.
2. ಕಸುಬುದಾರರ ಮಾತು, 15 ನಿಮಿಷ: ಊರಿನ ಬಿದಿರು ಕೆಲಸದವರೊಬ್ಬರನ್ನು ಆಹ್ವಾನಿಸಿ, ಶಿಕ್ಷಕರ ಕುರ್ಚಿಯಲ್ಲಿ ಕೂರಿಸಿ. ಪ್ರಶ್ನೆ ಕೇಳುವವರು ಮಕ್ಕಳು.
3. ಒಂದು ಕೊಂಡಿ ಬದಲಿಸಿ, 15 ನಿಮಿಷ: ಹತ್ತು ಮನೆಯವರು ಸೇರಿ ಗಳು ಕೊಂಡರೆ? ಊರ ಬದುಗಳಲ್ಲಿ ಬಿದಿರು ನೆಟ್ಟರೆ? ಹುಳು ಹಿಡಿಯದಂತೆ ಬೋರಿಕ್ ಆಮ್ಲ, ಬೋರಾಕ್ಸ್ ದ್ರಾವಣದಲ್ಲಿ ಉಪಚರಿಸಿದರೆ? ಯಾರ ಪಾಲು ಹೆಚ್ಚಿತು, ಯಾರದು ಕುಗ್ಗಿತು ಎಂದು ಪ್ರತಿ ಸಲವೂ ಕೇಳಿ.

ಎಚ್ಚರಿಕೆಗಳು

ನಮ್ಮಲ್ಲಿ ಬಿದಿರಿನ ಕಸುಬು ಬಹುಪಾಲು ಮೇದಾರ ಸಮುದಾಯದ್ದು. ಯಾವ ಮಗುವನ್ನೂ ‘ನಿಮ್ಮ ಮನೆಯಲ್ಲಿ ಇದನ್ನೇ ಮಾಡುತ್ತಾರಲ್ಲವೇ?’ ಎಂದು ಎಬ್ಬಿಸಿ ನಿಲ್ಲಿಸಬೇಡಿ. ತಾನಾಗಿ ಹೇಳಿದರೆ ಗೌರವದಿಂದ ಕೇಳಿ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಮೇದಾರ ಕೇತಯ್ಯನೂ ಒಬ್ಬ ಎಂಬುದನ್ನು ಎಲ್ಲ ಮಕ್ಕಳೂ ತಿಳಿಯಲಿ. ಅದೇ ಹೊತ್ತಿಗೆ, ಆ ಮಗು ಇದೇ ಕಸುಬನ್ನು ಮುಂದುವರಿಸಬೇಕು ಎಂಬ ಧ್ವನಿ ನಮ್ಮ ಮಾತಿನಲ್ಲಿ ಬರಬಾರದು.

ಬಿದಿರನ್ನು ಕಲ್ಪವೃಕ್ಷ ಮಾಡಲೂಬೇಡಿ. ಎಷ್ಟೋ ಪ್ರಭೇದಗಳು ದಶಕಗಳಿಗೊಮ್ಮೆ ಒಟ್ಟಿಗೆ ಹೂಬಿಟ್ಟು ಒಟ್ಟಿಗೆ ಸಾಯುತ್ತವೆ. ಮಿಜೋ ಬೆಟ್ಟಗಳಲ್ಲಿ 1959ರ ಸುಮಾರಿಗೆ ಬಿದಿರು ಹೂಬಿಟ್ಟಾಗ ಇಲಿಗಳು ವಿಪರೀತ ಹೆಚ್ಚಿ, ಬೆಳೆ ತಿಂದು, ಬರ ಬಂತು. ಬಿದಿರೊಂದನ್ನೇ ನಂಬಿದ ಊರಿಗೆ ಇದು ತಿಳಿದಿರಬೇಕು.

ಮೌಲ್ಯಮಾಪನ

1. ಬಿದಿರು ‘ಮರ’ವಾದದ್ದರಿಂದ ಬೆಳೆದವರಿಗೆ ಏನು ತೊಂದರೆಯಾಯಿತು?
2. ಮೇಂಢಾ ಲೇಖಾಕ್ಕೆ 2009ರಲ್ಲಿ ಹಕ್ಕು ಸಿಕ್ಕರೂ 2011ರವರೆಗೆ ಕಾಯಬೇಕಾಯಿತು. ಏಕೆ?
3. ಬೆತ್ತದ ರಫ್ತು ನಿಷೇಧವನ್ನು ಪೀಠೋಪಕರಣ ಮಾಡುವವರ ಕಡೆಯಿಂದಲೂ ಕೊಯ್ಯುವವರ ಕಡೆಯಿಂದಲೂ ಐದೈದು ವಾಕ್ಯಗಳಲ್ಲಿ ಬರೆಯಿರಿ.
4. ನೀವು ಜಾಡು ಹಿಡಿದ ಬುಟ್ಟಿಯ ಸರಪಳಿಯಲ್ಲಿ ಯಾವ ಕೊಂಡಿ ಬದಲಾಗಬೇಕು? ಕಾರಣ ಕೊಡಿ.

ಪಾಠ ನಡೆದ ಮೇಲೆ

ಎರಡನೆಯ ಅವಧಿಗೆ ಆ ಹುಡುಗನ ತಾತ ಬಂದರು. ಶಿಕ್ಷಕರ ಕುರ್ಚಿಯಲ್ಲಿ ಕೂರಲು ಮೊದಲು ಒಪ್ಪಲಿಲ್ಲ. ಕೂತ ಮೇಲೆ ಗಂಟೆ ಹೊಡೆದದ್ದು ಅವರಿಗೆ ಕೇಳಿಸಲಿಲ್ಲ. ಗಳು ಹಸಿಯೋ ಬಲಿತದ್ದೋ ಎಂದು ತಟ್ಟಿ ಸದ್ದಿನಿಂದ ಗುರುತಿಸುವುದನ್ನು ತೋರಿಸಿದರು. ತಮ್ಮ ಅಪ್ಪ ಕಾಡಿನಿಂದ ಹೊತ್ತು ತರುತ್ತಿದ್ದರೆಂದೂ, ತಾವು ಮಂಡಿಯಿಂದ ಸಾಲಕ್ಕೆ ತರುತ್ತೇವೆಂದೂ ಹೇಳಿದರು. ಮಕ್ಕಳು ಲೆಕ್ಕ ಹಾಕಿದಾಗ ಬುಟ್ಟಿಯ ಬೆಲೆಯ ದೊಡ್ಡ ಪಾಲು ಗಳುವಿಗೂ ಸಾಲಕ್ಕೂ ಹೋಗುತ್ತಿತ್ತು.

ನಾಲ್ಕನೆಯ ಪ್ರಶ್ನೆಗೆ ಆ ಹುಡುಗ ಬರೆದದ್ದು ಎರಡೇ ಸಾಲು: “ನಮಗೆ ಕೆಲಸ ಬರುತ್ತೆ. ಗಳು ನಮ್ಮದಾಗಬೇಕು.” ಪ್ರಶಿಕ್ಷಣಾರ್ಥಿ ಪೂರ್ಣ ಅಂಕ ಕೊಟ್ಟರು. ಉತ್ತರ ಇನ್ನೂ ವಿವರವಾಗಬೇಕಿತ್ತು ಎಂದು ನನಗೆ ಅನಿಸಿತು, ಆದರೆ ಅಂಕ ಕಡಿಮೆ ಮಾಡಿಸಲಿಲ್ಲ.

ಅಂದಿನಿಂದ ನಮ್ಮ ಗುಂಪಿನ ವೀಕ್ಷಣಾ ನಮೂನೆಯ ಕೊನೆಯಲ್ಲಿ ಒಂದು ಖಾಲಿ ಅಂಕಣ ಸೇರಿಸಿಕೊಂಡಿದ್ದೇವೆ: ‘ಇಂದು ಉತ್ತರ ಸಿಗದೆ ಉಳಿದ ಪ್ರಶ್ನೆ’. ಅದಕ್ಕೆ ಅಂಕವಿಲ್ಲ. ಆದರೆ ಸಂಜೆಯ ಸಭೆ ಈಗ ಅಲ್ಲಿಂದಲೇ ಶುರುವಾಗುತ್ತದೆ.